ಬಿಸಿ ರೊಟ್ಟಿಯ ಕರಾರು

ಹುಬ್ಬಳ್ಳಿಯ ಮನೆ ಬಿಡುವ ಮೊದಲೇ ನನ್ನ ಗಂಡನಿಗೆ ಒಂದು ಕರಾರು ಹಾಕಿದ್ದೆ. ಈ ತಿರುಗಾಟದಲ್ಲಿ ನಾನು ಹಂಚು ಮುಟ್ಟುವುದಿಲ್ಲ. ನಾನು ಕೂತಲ್ಲಿಗೇ ಬಿಸಿ ರೊಟ್ಟಿ ಬರಬೇಕು, ಅದೂ ಬೇರೆಯವರು ಬಡಿದದ್ದು. ಮದುವೆಯಾದಾಗಿನಿಂದ ಒಲೆ ಮುಂದೆ ಕೂತು ಎಲ್ಲರ ತಾಟಿಗೂ ಬಿಸಿಬಿಸಿ ಹಾಕಿ, ಕಡೆಗೆ ಬುಟ್ಟಿಯ ತಳದ ತಣ್ಣನೆಯದನ್ನು ತಿಂದವಳು ನಾನು. "ಆತು ಬಿಡು ಮಾರಾಯ್ತಿ, ಅದೇನ್ ದೊಡ್ಡ ಮಾತು" ಎಂದರು.

ಅವರ ತಲೆಯಲ್ಲಿ ಬೇರೆಯದೇ ಹುಳ ಹೊಕ್ಕಿತ್ತು. ಊಟದ ಜೊತೆ ವೈನಿನ ರುಚಿ ನೋಡುವುದು ಹೇಗೆಂದು ಮೊಬೈಲಿನಲ್ಲಿ ವಿಡಿಯೋ ನೋಡಿ, ಒಂದು ಬಾಟಲಿ ತಂದು, ಟವೆಲಿನಲ್ಲಿ ಸುತ್ತಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದರು. ರುಚಿ ನೋಡುವವರು ಗಾಡಿ ಓಡಿಸಬಾರದಲ್ಲ, ಹಾಗಾಗಿ ಓಡಿಸುವವಳೂ ನಾನೇ. ತಡಸದ ಹತ್ತಿರ ಮರದ ಕೆಳಗೆ ಗಾಡಿ ನಿಲ್ಲಿಸಲು ಹೇಳಿದರು. ಮಂಡಕ್ಕಿ ಗಿರ್ಮಿಟ್ಟಿನ ಪೊಟ್ಟಣ ಬಿಚ್ಚಿ, ಸ್ಟೀಲ್ ಲೋಟಕ್ಕೆ ವೈನ್ ಸುರಿದು, ಕಣ್ಣು ಮುಚ್ಚಿ ಮೂಸಿದರು.

"ಮಣ್ಣಿನ ವಾಸನಿ ಬರಾಕತ್ತೈತಿ ನೋಡು."

"ಬರದ ಏನ್ ಮಾಡ್ತೈತ್ರಿ? ಲೋಟಾ ನೀವ ತೊಳದೀರಿ" ಎಂದೆ.

ಶಿಗ್ಗಾವಿಯ ಖಾನಾವಳಿಯಲ್ಲಿ ಕೂತೆವು. ಮೂಲೆಯಲ್ಲಿ ಒಬ್ಬಾಕೆ ಪಟಪಟ ರೊಟ್ಟಿ ಬಡಿಯುತ್ತಿದ್ದಳು, ನನ್ನ ಬಾಯಲ್ಲಿ ನೀರೂರಿತು. ಮೊದಲ ರೊಟ್ಟಿ ಇವರ ತಾಟಿಗೆ ಬಿತ್ತು. ಒಂದು ತುತ್ತು ತಿಂದವರೇ ಖಾನಾವಳಿಗೆಲ್ಲ ಕೇಳುವಂತೆ, "ಛಲೋ ಐತ್ರಿ, ಆದ್ರ ನಮ್ಮಾಕಿ ರೊಟ್ಟಿ ಮುಂದ ಏನೂ ಅಲ್ಲ ಬಿಡ್ರಿ!" ಎಂದರು. ಬಡಿಯುವ ಕೈ ನಿಂತಿತು.

"ಹೌದೇನ್ರಿ ಅಕ್ಕಾರ? ಬರ್ರಿ ಹಂಗಾರ, ಒಂದ್ ಬಡದ ತೋರಸ್ರಿ."

ಸುಮ್ಮನಿರಬಹುದಿತ್ತು. ಆದರೆ ಹಾಳಾದ ಅಭಿಮಾನ! ಸೆರಗು ಸಿಕ್ಕಿಸಿ ಎದ್ದೆ. ಒಂದು ಬಡಿದದ್ದೇ ತಡ, ಪಕ್ಕದ ಲಾರಿ ಡ್ರೈವರು "ನಮಗೂ ಈ ಅಕ್ಕಾರದ ಹಾಕ್ರಿ" ಎಂದ. ನಾನು ಉಣ್ಣಲು ಕೂತಾಗ ಉಳಿದದ್ದು ತಣ್ಣನೆಯದೇ.

ಸವಣೂರಿನಲ್ಲಿ ಆ ಊರಿನ ಹೆಸರಾಂತ ಕುರುಕಲು ತಿಂಡಿ ಖಾರಾ ಎಲ್ಲಿ ಸಿಗುತ್ತದೆಂದು ವೀಳ್ಯದೆಲೆ ವ್ಯಾಪಾರದ ಸಾಹೇಬರೊಬ್ಬರನ್ನು ಕೇಳಿದೆವು. ಬಿಸಿಲಲ್ಲಿ ಬಂದವರು ಉಣ್ಣದೆ ಹೋಗುವುದುಂಟೇ ಎಂದು ಅವರು ಮನೆಗೇ ಎಳೆದೊಯ್ದರು. ಬಾಟಲಿ ಗಾಡಿಯಲ್ಲೇ ಉಳಿಯಿತು. ಗಂಡಸರು ಪಡಸಾಲೆಯಲ್ಲಿ, ನಾನು ಹೆಂಗಸರ ಜೊತೆ ಅಡುಗೆಮನೆಯಲ್ಲಿ. ಬಿರಿಯಾನಿಯ ಘಮ ಮೂಗಿಗೆ ಬಡಿಯುವಷ್ಟರಲ್ಲಿ ಪಡಸಾಲೆಯಿಂದ ಇವರ ದನಿ ಕೇಳಿತು: "ನಮ್ಮಾಕಿ ರೊಟ್ಟಿ ಅಂದ್ರ ಸಾಹೇಬ್ರ..." ಮನೆಯಾಕೆ ನಗುತ್ತ ಜೋಳದ ಹಿಟ್ಟಿನ ಡಬ್ಬಿ ಇಳಿಸಿದರು.

ಹಾನಗಲ್ಲಿನಲ್ಲಿ ಇವರ ಚಿಗವ್ವನ ಮನೆ. ಅಲ್ಲಿ ಹೊಗಳುವ ಅಗತ್ಯವೇ ಬೀಳಲಿಲ್ಲ. "ಬಂದ್ಯಾ ನಮ್ಮವ್ವ, ನಿನ್ನ ಕೈ ರೊಟ್ಟಿ ತಿಂದು ಭಾಳ ದಿನಾ ಆಗಿತ್ತ" ಎಂದು ಚಿಗವ್ವ ಹೊಸ್ತಿಲಲ್ಲೇ ಹಿಟ್ಟಿನ ಪರಾತ ಕೈಗಿಟ್ಟಳು.

ಹಿರೇಕೆರೂರಿನ ದಾರಿಯಲ್ಲಿ ಗಾಡಿ ಗಕ್ಕನೆ ನಿಲ್ಲಿಸಿದೆ.

"ಇನ್ನೊಮ್ಮೆ ನನ್ನ ರೊಟ್ಟಿ ಹೆಸರು ಎತ್ತಿದ್ರ, ಬಾಟ್ಲಿ ಜೋಡಿ ನಿಮ್ಮನ್ನೂ ಇಲ್ಲೇ ಇಳಿಸಿ ಹೋಗ್ತೇನಿ ನೋಡ್ರಿ!"

"ಹೊಗಳಿದ್ರೂ ತಪ್ಪೇನ?"

"ಹೊಗಳೋದು ಬ್ಯಾಡ. ನನಗ ಬಿಸಿ ರೊಟ್ಟಿ ಬೇಕು." ಸಿಟ್ಟಿನಿಂದ ಶುರುವಾದ ದನಿ ಅಳುವಿಗೆ ತಿರುಗಿತ್ತು.

ಹಿರೇಕೆರೂರಿನ ಖಾನಾವಳಿಯಲ್ಲಿ, ಬಾಯಿ ತಪ್ಪಿ ಮಾತು ಬಂದೀತೆಂದು ಇವರು ಬಾಯಿಗೆ ಕರವಸ್ತ್ರ ಒತ್ತಿಕೊಂಡೇ ಕೂತರು. ರೊಟ್ಟಿ ಬಡಿಯುವ ಮುದುಕಿ ಹಲ್ಲುನೋವೆಂದು ತಿಳಿದು ಲವಂಗ ಕೊಟ್ಟಳು. ಇವರು ಅದನ್ನೂ ಮರುಮಾತಿಲ್ಲದೆ ಕಚ್ಚಿದರು. ಆಮೇಲೆ, ಉಬ್ಬಿ ನಿಂತ ರೊಟ್ಟಿಯೊಂದು ನೇರವಾಗಿ ನನ್ನ ತಾಟಿಗೆ ಬಿತ್ತು. ನಾನು ನೋಡನೋಡುತ್ತಲೇ ನನ್ನ ಕೈ ಅದನ್ನೆತ್ತಿ ಗಂಡನ ತಾಟಿಗೆ ಹಾಕಿಬಿಟ್ಟಿತು. ಎರಡನೆಯದನ್ನೂ ಹಾಗೇ ಮಾಡಿತು.

ಮುದುಕಿ ಮೂರನೆಯದನ್ನು ತಾಟಿಗೆ ಹಾಕಲೇ ಇಲ್ಲ. ಎದ್ದು ಬಂದು, ತುತ್ತು ಮುರಿದು, ಬದನೆಕಾಯಿ ಪಲ್ಯಕ್ಕೆ ಅದ್ದಿ, "ಬಾಯಿ ತಗಿಯವಾ" ಎಂದು ನನ್ನ ಬಾಯಿಗೇ ಇಟ್ಟಳು. ನನ್ನ ಕಣ್ಣಲ್ಲಿ ದಳದಳ ನೀರು ಇಳಿಯಿತು.

"ಯಾಕ, ಏನಾತು?" ಇವರು ಗಾಬರಿಯಾದರು.

"ಬಾಯಿ ಸುಟ್ಟಿತ್ರಿ" ಎಂದೆ.

ರೊಟ್ಟಿಯಿಂದ ಕೈ ಸುಟ್ಟುಕೊಂಡ ಗುರುತುಗಳು ನನಗೆ ಮೊಳಕೈವರೆಗೂ ಇವೆ. ಬಾಯಿ ಸುಟ್ಟುಕೊಂಡದ್ದು, ಅವ್ವನ ಮನೆ ಬಿಟ್ಟ ಮೇಲೆ, ಅದೇ ಮೊದಲು.