ಹಳೆಯದನ್ನು ಕೈಯಲ್ಲಿ ಹಿಡಿದುಕೊಳ್ಳಿ

ಬೆಳಗಿನ ಜಾವ. ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿಯಲ್ಲಿ ಹೆಂಗಸೊಬ್ಬರು ಹಾರ್ಡ್ ಡಿಸ್ಕಿಗೆ ಕಿವಿ ಹಚ್ಚಿ ಕೂತಿದ್ದಾರೆ. ಇವರ ಬಗ್ಗೆ ಬರೆಯಲೆಂದು ಬಂದ ನಾನು ಬಾಯಿ ತೆರೆದರೆ ಬೆರಳೆತ್ತಿ ಸುಮ್ಮನಿರಿಸುತ್ತಾರೆ. ಟಕ್, ಟಕ್. ಒಳಗಿನಿಂದ ಯಾರೋ ಉಗುರಲ್ಲಿ ಬಾಗಿಲು ತಟ್ಟುತ್ತಿರುವ ಹಾಗಿದೆ. ಸುಳ್ಳೇಕೆ ಹೇಳಲಿ, ನನಗೆ ಮೈ ಜುಮ್ಮೆನ್ನುತ್ತದೆ.

"ಇನ್ನೂ ಜೀವ ಇದೆ," ಅನ್ನುತ್ತಾರೆ. "ಸ್ವಲ್ಪ ಹೊತ್ತು ತಡ್ಕೊಂಡ್ರೆ ಸಾಕು."

ಬೀದಿಯವರಿಗೆಲ್ಲ ಇವರು ಡಿಸ್ಕಮ್ಮ. ಸಾಯುತ್ತಿರುವ ಡಿಸ್ಕಿನಿಂದ ಕಂಪ್ಯೂಟರಿನ ಇಡೀ ಆಪರೇಟಿಂಗ್ ಸಿಸ್ಟಮ್ ಅನ್ನು ಹೊಸ ಡಿಸ್ಕಿಗೆ ಸಾಗಿಸುವುದೇ ಕಸುಬು. ಬರೀ ಫೈಲುಗಳನ್ನಲ್ಲ, ಯಾವುದು ಎಲ್ಲಿತ್ತೋ ಅಲ್ಲೇ, ಇದ್ದದ್ದು ಇದ್ದ ಹಾಗೇ. ಇವರ ಅಪ್ಪ ಇದೇ ಜಾಗದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದರು. ಸದ್ದು ಕೇಳಿ ಕಾಯಿಲೆ ಪತ್ತೆ ಹಚ್ಚುವುದನ್ನು ಕಲಿಸಿದವರು ಅವರೇ. ಈಗಲೂ ಬಂದವರು ಒಳಗೆ ಇಣುಕಿ "ಸಾರ್ ಇಲ್ವಾ?" ಅನ್ನುತ್ತಾರೆ. "ಬರ್ತಾರೆ, ಕೂತ್ಕೊಳ್ಳಿ" ಎಂದು ಹೇಳಿ, ಅವರು ಸಾರ್‌ಗಾಗಿ ಕಾಯುತ್ತಿರುವಾಗಲೇ ಕೆಲಸ ಮುಗಿಸಿ ಕೊಡುತ್ತಾರಂತೆ. ಇದನ್ನು ಹೇಳಿ ಕಿಸಕ್ಕನೆ ನಗುತ್ತಾರೆ.

ಇಂದಿನ ಕಂಪ್ಯೂಟರು ಮೂಲೆಯ ಸ್ಟೂಲಿನಲ್ಲಿ ಬ್ಯಾಗು ಅವುಚಿಕೊಂಡು ಕೂತಿರುವ ಟೈಲರಮ್ಮನದು. ಅವರ ಅಕ್ಕ ಆಸ್ಪತ್ರೆಗೆ ಸೇರುವ ಹಿಂದಿನ ದಿನ, ನಿದ್ದೆಬುರುಕಿ ತಂಗಿಯನ್ನು ಎಬ್ಬಿಸಲೆಂದು ಕಂಪ್ಯೂಟರಿನೊಳಗೆ ತಮ್ಮ ದನಿ ಇಟ್ಟು ಹೋದರು. ಮನೆಗೆ ಮರಳಲಿಲ್ಲ. ದನಿ ಮಾತ್ರ ದಿನಾ ಬೆಳಿಗ್ಗೆ ಆರಕ್ಕೆ ತಾನಾಗಿ ಕೂಗುತ್ತದೆ: "ಏಳೇ ಪುಟ್ಟಿ, ಬೆಳಕಾಯ್ತು." ಆಮೇಲೆ ಬರೀ ಗೊರಗೊರ ಸದ್ದು, ಅಷ್ಟೇ.

"ಬೇರೆ ಅಂಗಡಿಯವ್ರು ಹೊಸ ಸಿಸ್ಟಮ್ ಹಾಕ್ತೀವಿ ಅಂದ್ರು," ಅನ್ನುತ್ತಾರೆ ಟೈಲರಮ್ಮ. "ಹಾಕಿದ್ರೆ ಅಕ್ಕ ಎಲ್ಲಿಗೆ ಹೋಗ್ತಾಳೆ? ಆ ದನಿ ಎಲ್ಲಿಟ್ಟಿದ್ದಾಳೋ ಯಾರಿಗೂ ಸಿಗ್ಲಿಲ್ಲ."

ಡಿಸ್ಕಮ್ಮ ತಲೆಯೆತ್ತುವುದಿಲ್ಲ. "ಇಲ್ಲೊಂದು ಕಡೆ ಕೆಟ್ಟಿದೆ. ಓದಲ್ಲ ಅಂತ ಹಟ ಮಾಡ್ತಿದೆ. ಬೇರೆಯವ್ರಾದ್ರೆ ಬಿಟ್ಟು ಮುಂದೆ ಹೋಗ್ತಾರೆ. ನಾನು ಪುಸಲಾಯಿಸಿ ಮತ್ತೆ ಮತ್ತೆ ಕೇಳ್ತೀನಿ."

ಕೊನೆಗೂ ನಕಲು ಮುಗಿಯುತ್ತದೆ. ಕಂಪ್ಯೂಟರ್ ಆರಿಸಿ, ಹಳೆಯ ಡಿಸ್ಕನ್ನು ಬಿಚ್ಚಿ ಟೈಲರಮ್ಮನಿಗೆ ಕೊಡುತ್ತಾರೆ. "ಹಳೇದನ್ನ ಕೈಯಲ್ಲಿ ಹಿಡ್ಕೊಳ್ಳಿ." ಯಾರೇ ಬರಲಿ, ಇದು ಅವರ ಕಟ್ಟುನಿಟ್ಟು. ಯಾಕೆಂದು ಕೇಳುತ್ತೇನೆ.

"ಒಂದ್ಸಲ ಎರಡನ್ನೂ ಜೋಡಿಸಿದ ಹಾಗೇ ಚಾಲೂ ಮಾಡ್ಬಿಟ್ಟೆ. ಹೊಸದು ಎದ್ದಿದೆ ಅಂತ ಖುಷಿಪಟ್ಟೆ. ಎದ್ದಿದ್ದು ಹಳೇದು. ಹೊಸದ್ರಲ್ಲಿ ಅರ್ಧಕ್ಕರ್ಧ ಬಂದೇ ಇರ್ಲಿಲ್ಲ. ಹಳೇದು ಸತ್ತ ದಿನ ಗೊತ್ತಾಯ್ತು. ಅಪ್ಪ ಹಾಡಿದ್ದೆಲ್ಲ ಅದರಲ್ಲಿತ್ತು."

"ಇದಿನ್ನೂ ಬೆಚ್ಚಗಿದೆ," ಎಂದು ಪಿಸುಗುಡುತ್ತಾರೆ ಟೈಲರಮ್ಮ.

ಹೊಸ ಡಿಸ್ಕೊಂದನ್ನೇ ಬಿಟ್ಟು ಚಾಲೂ ಮಾಡಿದಾಗ ಪರದೆ ಬೆಳಗುತ್ತದೆ. ಅದೇ ಚಿತ್ರ, ಅದೇ ಐಕಾನುಗಳ ಸಾಲು. ಆರಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ. ಗಡಿಯಾರ ಮುಂದಕ್ಕಿಟ್ಟು ಈಗಲೇ ಕೇಳಬಾರದೇ ಎಂದು ನಾನು ಜಾಣತನ ತೋರಿಸಹೋಗುತ್ತೇನೆ. "ಹೋದವರನ್ನ ಹೊತ್ತಿಗೆ ಮುಂಚೆ ಕರೀಬಾರ್ದು," ಎಂದು ಡಿಸ್ಕಮ್ಮ ಗದರಿಸುತ್ತಾರೆ.

ಆರಾಗುತ್ತದೆ. ಸದ್ದಿಲ್ಲ. ಕೆಟ್ಟಿತು ಕೆಲಸ, ಅಂದುಕೊಳ್ಳುತ್ತೇನೆ.

"ಏಳೇ ಪುಟ್ಟಿ, ಬೆಳಕಾಯ್ತು."

ಟೈಲರಮ್ಮ ಉಸಿರು ಬಿಡುತ್ತಾರೆ. ಆದರೆ ಗೊರಗೊರ ಸದ್ದು ಬರುವುದಿಲ್ಲ. ಪೆಟ್ಟಿಗೆಯೊಳಗೆ ಯಾರೋ ಉಸಿರೆಳೆದುಕೊಳ್ಳುತ್ತಾರೆ.

"ಎದ್ದ್ಯಾ? ಸರಿ ಹಾಗಾದ್ರೆ, ನಾನು ಹೊರಟೆ."

ಟೈಲರಮ್ಮನ ಮುಖ ಬಿಳಿಚಿಕೊಳ್ಳುತ್ತದೆ. "ಇದನ್ನ ಯಾವತ್ತೂ ಹೇಳಿರ್ಲಿಲ್ಲ. ನೀವು ಸೇರಿಸಿದ್ರಾ?"

"ನಾನೇನೂ ಸೇರಿಸಿಲ್ಲಮ್ಮ. ಮೊದ್ಲಿಂದ ಇದ್ದದ್ದೇ. ಕೆಟ್ಟ ಜಾಗದಲ್ಲಿ ಸಿಕ್ಕಿಹಾಕ್ಕೊಂಡಿತ್ತು. ಪಾಪ, ದಿನಾ ಹೇಳೋಕೆ ನೋಡ್ತಿದ್ರು."

ಟೈಲರಮ್ಮ ಡಿಸ್ಕನ್ನು ಎದೆಗೊತ್ತಿಕೊಂಡು ಪರದೆಯ ಮುಂದೆ ನಿಲ್ಲುತ್ತಾರೆ. "ಎದ್ದೆ ಅಕ್ಕಾ," ಅನ್ನುತ್ತಾರೆ. "ಹೋಗಿ ಬಾ."

ಅವರು ಹೋದ ಮೇಲೆ, ನಿಮಗೇನಾದರೂ ಆಸೆ ಇದೆಯಾ ಎಂದು ಡಿಸ್ಕಮ್ಮನನ್ನು ಕೇಳುತ್ತೇನೆ. ಅವರು ಮೇಲಿನ ಗೂಡಿನಿಂದ ಬಟ್ಟೆಯಲ್ಲಿ ಸುತ್ತಿದ ಡಿಸ್ಕೊಂದನ್ನು ಇಳಿಸಿ, ತಂತಿ ಜೋಡಿಸಿ, ಕಿವಿ ಹಚ್ಚುತ್ತಾರೆ. ಅಪ್ಪನ ಹಾಡುಗಳಿದ್ದ ಆ ಹಳೆಯ ಡಿಸ್ಕು. ದಿನಾ ಅಂಗಡಿ ತೆರೆಯುವ ಮುಂಚೆ ಹೀಗೆ ಕೇಳಿಸಿಕೊಳ್ಳುತ್ತಾರಂತೆ. ನಾನೂ ಬಗ್ಗುತ್ತೇನೆ. ಏನೂ ಇಲ್ಲ.

"ಒಂದೇ ಒಂದು ಸಲ ಟಕ್ ಅನ್ಲಿ," ಅನ್ನುತ್ತಾರೆ ಡಿಸ್ಕಮ್ಮ. "ಮಿಕ್ಕಿದ್ದು ನಾನು ನೋಡ್ಕೋತೀನಿ."