ಗಂಟಿನವ್ವನ ಅಳತೆ

ಅವರ ಬಲಗೈಯ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಉಳಿದ ಒಂಬತ್ತನ್ನೂ ಬೆರಳಿಗೆ ಸರಿಯಾಗಿ ಕತ್ತರಿಸಿಕೊಂಡು ಅದೊಂದನ್ನು ಬೆಳೆಯಬಿಟ್ಟಿದ್ದರು. ಅರಿಷಿಣದ ಬಣ್ಣಕ್ಕೆ ತಿರುಗಿದ, ನಡುವೆ ಸಣ್ಣ ಕಚ್ಚು ಬಿದ್ದ ಉಗುರು. ಸೀರೆಯ ಮಡಿಕೆ ಬಿಚ್ಚಿ ತೊಡೆಯ ಮೇಲೆ ಹಾಸಿಕೊಂಡು, ಅಂಚಿನಿಂದ ನಡುಭಾಗದ ಕಡೆಗೆ ಆ ಉಗುರನ್ನು ಸರ್ರನೆ ಎಳೆಯುತ್ತಿದ್ದರು. ಎಳೆ ಸರಿದು ಗೀರು ಉಳಿದರೆ ನೇಯ್ಗೆ ಸಡಿಲ ಎಂದು ಅರ್ಥ. ಗೀರು ಉಳಿಯದಿದ್ದರೆ ತಲೆ ಎತ್ತಿ ಎದುರಿಗಿದ್ದವರ ಮುಖ ನೋಡುವರು.

"ನೋಡ್ರಿ, ಇರಿವಿ ಹೋಗಾಕ ಸೈತ ಸಂದಿಲ್ಲ."

ನಾನು ಧಾರವಾಡದಲ್ಲಿ ಕಾನ್ವೆಂಟಿನ ಸಿಸ್ಟರುಗಳ ಕೈಕೆಳಗೆ ಓದಿದವಳು. ರೋಣದ ಮನೆಗೆ ಸೊಸೆಯಾಗಿ ಬಂದಾಗ ನಾವಿನ್ನೂ ಮುಂಬೈ ಪ್ರಾಂತದಲ್ಲಿದ್ದೆವು. ನನಗೆ ಇಂಗ್ಲಿಷ್ ಪದ್ಯ ಬಾಯಿಗೆ ಬರುತ್ತಿತ್ತು, ದಾರದ ಲೇಸು ಹೆಣೆಯಲು ಬರುತ್ತಿತ್ತು, ಒಂಬತ್ತು ಗಜದ ಸೀರೆ ಉಡಲು ಬರುತ್ತಿರಲಿಲ್ಲ. ಅದನ್ನು ಕಲಿಸಿದವರು ಅವರು. ಸಂತೆಯ ದಿನ ಗಜೇಂದ್ರಗಡದಿಂದ ಬೆಳಗಿನ ಮೋಟಾರಿಗೆ ಬಂದು, ಕೈಮಗ್ಗದ ಸೀರೆಗಳ ಗಂಟನ್ನು ತಲೆಯ ಮೇಲೆ ಹೊತ್ತು ಮನೆಯಿಂದ ಮನೆಗೆ ತಿರುಗುತ್ತಿದ್ದರು. ಊರು ಅವರನ್ನು ಗಂಟಿನವ್ವ ಎಂದೇ ಕರೆಯುತ್ತಿತ್ತು. ಹಣೆಗೆ ರೂಪಾಯಿಯಗಲ ಕುಂಕುಮ. ಗಂಡ ಮಾತ್ರ ಮನೆಯಲ್ಲಿರಲಿಲ್ಲ. ಆತ ಎಂದೋ ಮಗ್ಗ ಬಿಟ್ಟು ಸೊಲ್ಲಾಪುರದ ಮಿಲ್ಲಿಗೆ ಹೋದವನು ತಿರುಗಿ ಬಂದಿರಲಿಲ್ಲ. ಅವರು ನೇಕಾರನಾದ ತಮ್ಮನ ಮನೆಯಲ್ಲಿದ್ದರು. ತಮ್ಮನದೂ ಸೇರಿ ಆ ಓಣಿಯ ಆರು ಮಗ್ಗಗಳು ಅವರ ತಲೆಯ ಮೇಲಿನ ಗಂಟನ್ನೇ ನಂಬಿಕೊಂಡಿದ್ದವು.

ಗಂಟನ್ನು ಬರಿ ನೆಲಕ್ಕೆ ಇಡುತ್ತಿರಲಿಲ್ಲ. ಮೊದಲು ಹೆಗಲ ಮೇಲಿನ ವಸ್ತ್ರ ಹಾಸಿ ಅದರ ಮೇಲೆ ಇಳಿಸುವರು. ಚಹ ಕೊಟ್ಟರೆ ಬಸಿಯಲ್ಲಿ ಸುರುವಿಕೊಂಡು, ಸೀರೆಗಳಿಗೆ ಬೆನ್ನು ಮಾಡಿ ಕುಡಿಯುವರು. ಒಂದು ಹನಿಯೂ ಸೀರೆಯ ಮೇಲೆ ಬೀಳಬಾರದು.

ಅವರ ಸೊಂಟದ ಚೀಲದಲ್ಲಿ ಗಜಕಡ್ಡಿ ಇರುತ್ತಿರಲಿಲ್ಲ, ದಾರಗಳಿರುತ್ತಿದ್ದವು. ಮನೆಗೊಂದು ಹೊಸ ಸೊಸೆ ಬಂದರೆ ನಿಲ್ಲಿಸಿ, ಹಿಮ್ಮಡಿಯಿಂದ ಸೊಂಟದವರೆಗೆ ಒಂದು ಗಂಟು, ಸೊಂಟದ ಸುತ್ತಿಗೆ ಇನ್ನೊಂದು ಗಂಟು ಹಾಕಿ ದಾರ ಕತ್ತರಿಸುವರು. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ನನ್ನದು ನೀಲಿ. ಅಳತೆ ಕೊಡುವಾಗ ನಾನು ಶಾಲೆಯಲ್ಲಿ ಕಲಿತಂತೆ ನೆಟ್ಟಗೆ ನಿಂತು ಉಸಿರು ಬಿಗಿಹಿಡಿದಿದ್ದೆ.

"ತಂಗೆವ್ವಾ, ಉಸರು ಬಿಡು. ಹಿಂಗ ಹಿಡಕೊಂಡು ಅಳತಿ ಕೊಟ್ರ ನಾಳೆ ಉಂಡ ಮ್ಯಾಲೆ ನನ್ನ ಸೀರಿಗೆ ಬೈತಿ."

ಆ ದಾರ ಮಗ್ಗಕ್ಕೆ ಹೋಗುತ್ತಿತ್ತು. ಬೆಳವಣಕಿಯ ಗೌಡಸಾನಿ ಆಳೆತ್ತರದ ಹೆಂಗಸು, ಅವರ ಸೀರೆಗೆ ಒಂದು ಗೇಣು ಅಗಲ ಹೆಚ್ಚು. ಬಸುರಿಯ ಕುಬಸದ ಕಾರ್ಯಕ್ಕಾದರೆ ಒಂದು ಗಜ ಉದ್ದ ಹೆಚ್ಚು. ಹೆರಿಗೆಯಾದ ಮೇಲೆ ಆ ತುಂಡನ್ನು ಕತ್ತರಿಸಿ ಕೂಸಿಗೆ ತಲೆ-ಬೆನ್ನು ಮುಚ್ಚುವ ಕುಂಚಿಗೆ ಹೊಲಿಯಬಹುದು. ಇದನ್ನೆಲ್ಲ ಅವರು ದೊಡ್ಡ ಉಪಕಾರ ಎಂಬಂತೆ ಹೇಳುತ್ತಿರಲಿಲ್ಲ. ಸೀರೆ ಎಂದರೆ ಹಾಗೆಯೇ ಇರಬೇಕು, ಅಷ್ಟೆ.

ಒಂದು ವರ್ಷ ದಸರೆಯ ಹೊತ್ತಿಗೆ ಹೊರಗಿನ ವ್ಯಾಪಾರಿಗಳು ನಮ್ಮ ಪೇಟೆಯಲ್ಲಿ ಮಿಲ್ ಬಟ್ಟೆಯ ದೊಡ್ಡ ಅಂಗಡಿ ತೆರೆದರು. ಮೂರು ಮಳಿಗೆಗಳ ನಡುಗೋಡೆ ಒಡೆಸಿ ಒಂದೇ ಮಾಡಿದ್ದರು. ಬಾಗಿಲ ಮೇಲೆ ಕೆಂಪು ಅಕ್ಷರದಲ್ಲಿ 'ಒಂದೇ ದರ' ಎಂಬ ಬೋರ್ಡು. ಸೀರೆಗೊಂದು ಸಾಬೂನು ಪುಕ್ಕಟೆ. ಗಜೇಂದ್ರಗಡದವರಿಗೆ ನೂಲು ಬೀಳುವ ಬೆಲೆಗಿಂತ ಕಡಿಮೆಗೆ ಅಲ್ಲಿ ಸೀರೆಯೇ ಸಿಗುತ್ತಿತ್ತು. ಹೊಳೆಆಲೂರಿನಿಂದ ಚಕ್ಕಡಿ ಕಟ್ಟಿಕೊಂಡು ಜನ ಬಂದರು. ದೀಪಾವಳಿ ಕಳೆಯುವುದರೊಳಗೆ ಪೇಟೆಯಲ್ಲಿದ್ದ ಎರಡೂ ಹಳೆಯ ಜವಳಿ ಅಂಗಡಿಗಳು ಬಾಗಿಲು ಹಾಕಿದವು.

ನನಗೆ ಆ ಅಂಗಡಿ ಇಷ್ಟವಾಗಿತ್ತು. ಮುಚ್ಚಿಡುವುದೇಕೆ? ಚೌಕಾಸಿ ಮಾಡಲು ನನಗೆ ನಾಚಿಕೆ, ಅಲ್ಲಿ ಅದು ಬೇಕಿರಲಿಲ್ಲ. ಗಾಜಿನ ಕಪಾಟಿನಲ್ಲಿ ಬಣ್ಣಕ್ಕೆ ಬಣ್ಣ ಹೊಂದಿಸಿಟ್ಟ ಸೀರೆಗಳು ನಮ್ಮ ಶಾಲೆಯ ಹೊಲಿಗೆ ಕೋಣೆಯನ್ನು ನೆನಪಿಸುತ್ತಿದ್ದವು.

ಆಗ ನಾನು ಮೊದಲ ಬಸುರಿ. ಏಳನೆಯ ತಿಂಗಳಲ್ಲಿ ಕುಬಸ ಎಂದು ಹಿರಿಯರು ನಿಶ್ಚಯಿಸಿದರು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಸೆರಗಿನಲ್ಲಿ ಉಡಿ ತುಂಬುವ ಕಾರ್ಯ. ಸೀರೆಯ ಮಾತು ಬಂದಾಗ ಅತ್ತೆಯವರು, "ಅದರ ಚಿಂತಿ ಯಾಕ? ಗಂಟಿನವ್ವ ತರತಾಳ" ಎಂದರು.

"ಹೊಸ ಅಂಗಡಿಗೆ ಹೋಗಿ ನೋಡಿಕೊಂಡು ಬರೋಣ್ರಿ" ಎಂದವಳು ನಾನೇ. ಅತ್ತೆಯವರು ಹೊರಡುವಾಗ ಗೊಣಗಿದರು. ಬರುವಾಗ ಗಂಟಿನವ್ವನ ಒಂದರ ಬೆಲೆಗೆ ಎರಡು ಸೀರೆ, ಎರಡು ಸಾಬೂನು ಹಿಡಿದುಕೊಂಡು ನನಗಿಂತ ಮುಂದೆ ನಡೆದರು.

ಕುಬಸದ ದಿನ ಆ ಸೀರೆಯ ಒಂದು ಸುತ್ತು ಹೊಟ್ಟೆಗೇ ಹೋಯಿತು. ನಿರಿಗೆ ಮೂರೇ ಬಂದವು. ಸೆರಗು ಹೆಗಲು ದಾಟಿ ಮುಂದಕ್ಕೆ ಬರಲು ಒಲ್ಲೆನೆಂದಿತು. ಎದುರು ಮನೆಯ ಅಜ್ಜಿ ಬಾಯಿಗೆ ಸೆರಗು ಹಿಡಿದು, "ಏನವ್ವಾ, ಇನ್ನಾ ನೀರಿಗೆ ಹಾಕಿಲ್ಲ, ಆಗಲೇ ಗಿಡ್ಡ ಆತೇನು ಸೀರಿ?" ಎಂದು ನಗಿಸಿದರು. ಹೇಗೋ ಎಳೆದು ಕೂಡ್ರಿಸಿದರು. ಅಕ್ಕಿ, ಉತ್ತತ್ತಿ, ಅರಿಷಿಣದ ಬೇರು, ಎಲೆ-ಅಡಿಕೆಯವರೆಗೆ ಚೋಟುದ್ದದ ಸೆರಗು ತಡೆದುಕೊಂಡಿತು. ತೆಂಗಿನಕಾಯಿಯನ್ನು ತಡೆಯಲಿಲ್ಲ. ಅದು ನನ್ನ ಮೊಣಕಾಲ ಮೇಲಿಂದ ಜಾರಿ, ಪಡಸಾಲೆಯ ಉದ್ದಕ್ಕೂ ಉರುಳುತ್ತ ಹೊಸ್ತಿಲ ಕಡೆಗೆ ಹೋಯಿತು.

ಉಡಿಯ ಕಾಯಿ ಹೊರಬಾಗಿಲಿಗೆ ಹೋಗುವುದೆಂದರೆ ಅಲ್ಲಿ ಕೂತ ಹೆಂಗಸರ ಮನಸ್ಸಿಗೆ ಏನು ಬರುತ್ತದೆ ಎಂದು ನನಗೂ ತಿಳಿಯುತ್ತಿತ್ತು. ಅತ್ತೆಯವರು ಆರತಿಯ ತಟ್ಟೆಯನ್ನು ಕೆಳಗಿಟ್ಟರು.

ಹೊಸ್ತಿಲ ಹತ್ತಿರ ಕುಳಿತಿದ್ದ ಗಂಟಿನವ್ವ ಅಂಗೈ ಚಾಚಿ ಕಾಯಿಯನ್ನು ತಡೆದರು.

"ಈಗಽ ಚೆಂಡು ಒಗಿಯಾಕ ಹತ್ತೇತಿ ನೋಡ್ರಿ ಕೂಸು! ಹೊರಗ ಬಂದ ಮ್ಯಾಲೆ ಹಿಡಿಯಾಕ ಯಾರ್ಯಾರು ಓಡತೀರಿ, ಈಗಽ ಹೇಳ್ರಿ. ನನ್ನ ಕೈಲೆ ಆಗೂದಿಲ್ಲ."

ಎಲ್ಲರೂ ಒಮ್ಮೆಲೆ ನಕ್ಕರು. ಅವರು ಎದ್ದು ಬಂದು ನನ್ನ ಪಕ್ಕ ಕುಳಿತು, ತಮ್ಮ ಸೆರಗನ್ನು ನನ್ನ ಸೆರಗಿನ ಕೆಳಗೆ ಹಾಸಿ ಹಿಡಿದರು. "ತುಂಬ್ರಿ, ಒಂದಕ್ಕ ಎರಡು ಸೆರಗು ಈಕಿಗೆ." ಕಾರ್ಯ ಸುಸೂತ್ರವಾಗಿ ಮುಗಿಯಿತು. ಸೀರೆ ಎಲ್ಲಿಯದೆಂದು ಅವರು ಕೇಳಲಿಲ್ಲ. ಅವರ ಗಂಟು ಮೂಲೆಯಲ್ಲಿ, ಹಾಸಿದ ವಸ್ತ್ರದ ಮೇಲೆ, ಬಿಚ್ಚದೆ ಕುಳಿತಿತ್ತು. ಉಂಡು, ಎಲೆ-ಅಡಿಕೆ ತೆಗೆದುಕೊಂಡು, ಅದನ್ನು ಹಾಗೆಯೇ ಎತ್ತಿ ತಲೆಯ ಮೇಲಿಟ್ಟುಕೊಂಡು ಹೋದರು.

ಎರಡು ದಿನ ಬಿಟ್ಟು, ಉಡದೆ ಉಳಿದಿದ್ದ ಎರಡನೆಯ ಸೀರೆಯನ್ನು ಬದಲಿಸಿ ಉದ್ದದ್ದು ತರಲು ನಾನು ಅಂಗಡಿಗೆ ಹೋದೆ. ನಲವತ್ತು ದಾಟಿದ ಗಂಡಸೊಬ್ಬರು ಸೀರೆ ತೋರಿಸಲು ನಿಂತಿದ್ದರು. ಪಾದಗಳು ಬಾತು ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತಿತ್ತು. ಇಡೀ ಅಂಗಡಿಯಲ್ಲಿ ಕೆಲಸದವರಿಗೆ ಒಂದು ಮಣೆಯೂ ಇಲ್ಲದ್ದನ್ನು ನಾನು ಅಂದೇ ನೋಡಿದ್ದು.

"ಇದಕ್ಕಿಂತ ಉದ್ದಂದು ಇಲ್ಲೇನ್ರಿ? ಕುಬಸದ ಸೀರೆ ಗಿಡ್ಡಾತು."

"ಇಲ್ರಿ ಅಕ್ಕಾರ. ಇಲ್ಲಿ ಎಲ್ಲಾರಿಗೂ ಒಂದಽ ಅಳತಿ." ಆಮೇಲೆ ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಯಾರ ಮನಿಯವರ್ರಿ?" ಎಂದರು. ಹೇಳಿದೆ.

"ಹಂಗಾರ ನೀಲಿ ದಾರ ನೀವಽ!" ಎಂದರು. ಮುಖ ಅರಳಿ ಹಾಗೇ ಬಾಡಿತು. ಅವರು ಗಂಟಿನವ್ವನ ತಮ್ಮ. ಮೇಲ್ವಿಚಾರಕನ ಕಡೆ ಒಮ್ಮೆ ನೋಡಿ ದನಿ ಇಳಿಸಿದರು. "ನಿಮ್ಮ ಕುಬಸದ ಸೀರಿ ನಮ್ಮಕ್ಕನ ಗಂಟಿನ್ಯಾಗ ಐತ್ರಿ. ನಾನಽ ನೇದದ್ದು. ಅದನ್ನ ಮಗ್ಗದಿಂದ ಇಳಿಸಿದ ಮರುದಿನಾನಽ ಇಲ್ಲಿಗೆ ಬಂದೆ. ಗಿರಾಕಿನಽ ಇಲ್ಲಂದ್ರ ಯಾರಿಗೆ ನೇಯೂದ್ರಿ?"

ನಮ್ಮ ಕಡೆಯ ಕೈಮಗ್ಗ ಕುಣಿಯ ಮಗ್ಗ. ಮನೆಯ ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ನೇಯಬೇಕು. ನೇಕಾರ ಕುಣಿಗೆ ಮಣ್ಣು ಹಾಕಿದನೆಂದರೆ ಆ ಮನೆಯಲ್ಲಿ ಮಗ್ಗ ಮುಗಿಯಿತು ಎಂದೇ ಅರ್ಥ.

"ಮಣ್ಣು ಹಾಕಿದ್ರೇನ್ರಿ?"

"ಅಕ್ಕ ಬಿಡವಲ್ಲಳ್ರಿ. ಹಲಗಿ ಮುಚ್ಚು, ಯುಗಾದಿ ಮಟ ತಡಿ ಅಂದಾಳ. ನಮ್ಮ ಮಾವ, ಆಕಿ ಗಂಡ, ಮಣ್ಣು ಹಾಕಿ ಹೋದಾವ ತಿರಗಿ ಬರಲಿಲ್ಲ ನೋಡ್ರಿ, ಅದು ಆಕಿಗೆ ಎದಿಯಾಗ ಕುಂತೈತಿ."

ಯುಗಾದಿಗೆ ಇನ್ನು ಐದು ವಾರ.

ಮುಂದಿನ ಸಂತೆಗೆ ಗಂಟಿನವ್ವ ಬಂದಾಗ ನಾನು ಬಾಗಿಲಲ್ಲೇ ನಿಂತು ಕೇಳಿದೆ. "ಅವ್ವಾ, ನನ್ನ ಹಸಿರು ಸೀರಿ ಕೊಡ್ರಿ."

"ಯಾರು ಹೇಳಿದ್ರು? ನಮ್ಮ ತಮ್ಮ? ಅವನ ಬಾಯಿಗೆ ಹಲಗಿ ಮುಚ್ಚಬೇಕಿತ್ತು." ಗಂಟು ಇಳಿಸಿ ಕುಳಿತರು. "ಕನಿಕರ ಪಟ್ಟು ತಗೋತಿದ್ರ ಕೊಡಾಂಗಿಲ್ಲ ತಂಗೆವ್ವಾ. ಉಟ್ಟು ನೋಡು. ಚಲೋ ಕಂಡ್ರ ಇಟ್ಕೋ."

ಉಟ್ಟೆ. ಹೊಟ್ಟೆಯನ್ನು ಬಳಸಿ, ಏಳು ನಿರಿಗೆ ಬಂದು, ಸೆರಗು ತಲೆಯ ಮೇಲಿಂದ ಇಳಿದು ಕೈತುಂಬ ಉಳಿಯಿತು. ನಾನು ಬಸುರಿಯೆಂದು ಯಾರಿಗೂ ಹೇಳುವ ಮೊದಲೇ, ನಿರಿಗೆಯ ಗಂಟು ಎರಡು ಬೆರಳು ಮೇಲೇರಿದ್ದನ್ನು ನೋಡಿ ಅವರು ನೂಲಿಗೆ ಹಸಿರು ಬಣ್ಣ ಹಾಕಿಸಿದ್ದರಂತೆ.

ನಾನು ಸಿಟ್ಟಿನಿಂದ ಆ ಅಂಗಡಿಯನ್ನು ಬೈದೆ. ಅವರು ಬೈಯಲಿಲ್ಲ.

"ಕೂಲಿ ಹೆಣ್ಮಕ್ಕಳು ಎರಡನೇ ಸೀರಿ ಕಂಡದ್ದು ಆ ಅಂಗಡಿ ಬಂದ ಮ್ಯಾಲೆ. ಒಂದು ತೊಳದು ಹಾಕಿ ಒಂದು ಉಡತಾರ ಈಗ. ಅದನ್ನ ಬೈಯಾಕ ನನಗ ನಾಲಿಗಿ ಏಳೂದಿಲ್ಲ. ಆದ್ರ ತಂಗೆವ್ವಾ, ಅವರು ಊರಿಗೆಲ್ಲಾ ಒಂದಽ ಅಳತಿ ಮಾರತಾರ. ಊರಾಗ ಒಂದಽ ಅಳತಿ ಮಂದಿ ಅದಾರೇನು? ನಾ ಇಷ್ಟು ದಿನ ಅವರ ಸರಿಸಮ ದಿನಾ ಉಡೋ ಸೀರಿ ತಂದು ಮಾರಾಕ ನೋಡಿದೆ. ಅದು ನನ್ನ ತಪ್ಪು. ಇನ್ನ ದಾರ ಇದ್ದವರಿಗೆ ಅಷ್ಟಽ."

ಅವತ್ತಿನಿಂದ ಸಂತೆಯ ದಿನ ನಮ್ಮ ಪಡಸಾಲೆಯನ್ನು ಅವರಿಗೆ ಬಿಟ್ಟುಕೊಟ್ಟೆವು. ಅತ್ತೆಯವರು ಮೊದಲು ಹುಬ್ಬು ಗಂಟಿಕ್ಕಿದರೂ, ಕಾಯಿ ಉರುಳಿದ ಗಳಿಗೆ ನೆನಪಾಯಿತೋ ಏನೋ, ತಾವೇ ಚಾಪೆ ಹಾಸಿದರು. ಕುಬಸದವರು, ಮದುವೆಯವರು, ಅಂಗಡಿಯ ಸೀರೆ ಕಣಕಾಲು ಮುಚ್ಚದ ಎತ್ತರದವರು ಒಬ್ಬೊಬ್ಬರಾಗಿ ಬಂದು ನಿಂತರು. ನಾನು ಮನೆಮನೆಗೆ ಹೋಗಿ ಕರೆದೆ. ನಾಚಿಕೆಯಿಂದ ಚೌಕಾಸಿ ಮಾಡಲಾರದವಳು ಇನ್ನೊಬ್ಬರ ಸೀರೆಯ ಗುಣಗಾನ ಮಾಡುತ್ತ ಓಣಿ ಸುತ್ತಿದೆ. ನರಗುಂದದಲ್ಲಿದ್ದ ನನ್ನ ಅಕ್ಕ ತನ್ನ ಮತ್ತು ನೆರೆಯವರ ಅಳತೆಯ ದಾರಗಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಿದಳು. ಆ ಲಕೋಟೆ ಒಡೆದಾಗ ಗಂಟಿನವ್ವ ಬಾಯಿ ಮೇಲೆ ಕೈಯಿಟ್ಟು ನಕ್ಕದ್ದನ್ನು ನೋಡಬೇಕಿತ್ತು. "ಯವ್ವಾ, ಮಂದಿ ಬರಲಾರದಽ ಸೊಂಟ ಅಷ್ಟಽ ಬಂದಾವಲ್ಲ!"

ಯುಗಾದಿಯ ಮರುದಿನ ಗಂಟಿನವ್ವನ ತಮ್ಮ ಅಂಗಡಿಯ ಕೆಲಸ ಬಿಟ್ಟು ಊರಿಗೆ ಹೋಗಿ ಕುಣಿಯ ಹಲಗೆ ತೆಗೆದರು. ಆರೂ ಮಗ್ಗ ಉಳಿದವೆಂದು ಹೇಳಿದರೆ ಸುಳ್ಳಾಗುತ್ತದೆ. ನಾಲ್ಕು ಉಳಿದವು. ಎರಡು ಮನೆಯವರು ಅಷ್ಟರೊಳಗೆ ಕುಣಿಗೆ ಮಣ್ಣು ಹಾಕಿ ಸೊಲ್ಲಾಪುರದ ದಾರಿ ಹಿಡಿದಿದ್ದರು. ಆ ಮಾತು ಬಂದಾಗ ಗಂಟಿನವ್ವ, "ನಾ ಎರಡು ತಿಂಗಳ ತಡ ಮಾಡಿದೆ" ಎಂದಷ್ಟೇ ಹೇಳಿ ಬೇರೆ ಮಾತು ತೆಗೆಯುವರು.

ಆ ಅಂಗಡಿ ಮೂರು ವರ್ಷ ಇತ್ತು. ಎದುರಿಗೆ ಪೈಪೋಟಿಗೆ ಯಾರೂ ಉಳಿಯದಾದ ಮೇಲೆ ಸಾಬೂನು ನಿಂತಿತು, ದರ ಏರಿತು. ಆಮೇಲೊಂದು ದಿನ ಗಾಜಿನ ಕಪಾಟುಗಳನ್ನು ಲಾರಿಗೆ ಹೇರಿ ಇನ್ನೂ ದೊಡ್ಡ ಊರಿಗೆ ಹೋದರು. ಕೆಲಸಕ್ಕಿದ್ದವರಿಗೆ ಆ ದಿನ ಬೆಳಿಗ್ಗೆಯೇ ಗೊತ್ತಾದದ್ದು. ನಮ್ಮ ಪೇಟೆಯಲ್ಲಿ ಒಂದು ಗಜ ಬಟ್ಟೆ ಸಿಗುವ ಅಂಗಡಿಯಿಲ್ಲದೆ ಒಂದಿಡೀ ಮಳೆಗಾಲ ಕಳೆಯಿತು. ಗಂಟಿನವ್ವ ಮಾತ್ರ ವಾರ ತಪ್ಪಿಸಲಿಲ್ಲ.

ಅವರು ತೀರಿಹೋದದ್ದು ಒಂದು ಶ್ರಾವಣದಲ್ಲಿ, ನಾಲ್ಕು ದಿನದ ಜ್ವರಕ್ಕೆ. ಸುದ್ದಿ ತಂದವನು ಬೆಳಗಿನ ಮೋಟಾರಿನ ಡ್ರೈವರ್. ನಾನು ಗಜೇಂದ್ರಗಡ ಮುಟ್ಟುವ ಹೊತ್ತಿಗೆ ಅಂತ್ಯಕ್ರಿಯೆ ಮುಗಿದಿತ್ತು. ಓಣಿಗೆ ಕಾಲಿಟ್ಟರೆ ಮಗ್ಗದ ಸಪ್ಪಳ ಕೇಳಿಸಿತು, ಅದೂ ಅವರ ಮನೆಯಿಂದಲೇ. ಅವರ ತಮ್ಮ ಮಗ್ಗದ ಕುಣಿಯಲ್ಲಿ ಕಾಲು ಬಿಟ್ಟು ಕುಳಿತಿದ್ದರು. ಮಗ್ಗದ ಮೇಲೆ ಹಸಿರು ಸೀರೆ, ಅರ್ಧ ಮುಗಿದಿತ್ತು.

"ಇವತ್ತಽ ಕುಂತೀರಲ್ರಿ?" ಎಂದೆ. ಕೇಳಬಾರದಿತ್ತೇನೋ.

"ಹೊಳೆಮಣ್ಣೂರಿನ ಹೆಣ್ಮಗಳದ್ದು ಅಕ್ಕಾರ. ಸೋಮವಾರ ಕುಬಸ. ಕೂಸು ನಮ್ಮ ದುಃಖ ಮುಗಿಯೂ ತನಕ ತಡಿತೈತೇನ್ರಿ? ಅಕ್ಕ ಮಾತು ಕೊಟ್ಟಾಳ." ಅಡ್ಡ ಎಳೆ ಓಡಿಸುವ ಲಾಳಿಯನ್ನು ಕೈಗೆ ತೆಗೆದುಕೊಂಡರು. ಒಳಗಿನ ಕಂಡಿಕೆಯ ಕೊಳವೆಯಲ್ಲಿ ನೂಲು ಮುಗಿದಿತ್ತು. ಪಕ್ಕದ ಬುಟ್ಟಿಯಲ್ಲಿದ್ದವೂ ಬರಿದಾಗಿದ್ದವು. "ಕಂಡಿಕಿ ಸುತ್ತಾಕಿ ಆಕಿನಽ ಇದ್ಲು" ಎಂದು ಬರಿದಾದ ಲಾಳಿ ಹಿಡಿದು ಕುಳಿತರು.

ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ರಾಟೆಯ ಮುಂದೆ ಕುಳಿತೆ. ಹಸಿರು ನೂಲಿನ ತುದಿ ಹುಡುಕಿ ಕಂಡಿಕೆಗೆ ಸಿಕ್ಕಿಸಿ ತಿರುಗಿಸಿದೆ. ಎಳೆ ಒಮ್ಮೆ ಸಡಿಲ, ಒಮ್ಮೆ ಬಿಗಿ. ಮೊದಲ ಎರಡನ್ನು ಅವರು ಬೆರಳಿನಿಂದ ಒತ್ತಿ ನೋಡಿ ಬದಿಗಿಟ್ಟರು. ಮೂರನೆಯದನ್ನು ಲಾಳಿಗೆ ಹಾಕಿಕೊಂಡರು.