ಮಿಷನ್ನಿಗೂ ರಜಾ

ಮತ್ತಿಕೆರೆ ಇನ್ನೂ ಹಳ್ಳಿಯಾಗಿದ್ದ ಕಾಲ. ಹೊಲಿಗೆ ಮಿಷನ್ ರಿಪೇರಿಗೆಂದು ನಾನು ಊರೂರು ಸೈಕಲ್ ತುಳಿಯುತ್ತಿದ್ದೆ. ಒಂದು ಭಾನುವಾರ, ಬಟ್ಟೆ ಹೊಲಿಯುವ ಮೇರಮ್ಮನವರ ಮನೆಗೆ ಹೋದೆ. ಮಿಷನ್ನಿಗೆ ಹೊದಿಸಿದ್ದ ಬಿಳಿ ಬಟ್ಟೆ ತೆಗೆಯಲು ಹೋದರೆ ಕೈ ತಡೆದರು.

“ಇವತ್ತು ಅದಕ್ಕೂ ರಜಾ ಕಣಪ್ಪ.”

“ರಿಪೇರಿ ಮಾತ್ರ ಕಣಮ್ಮ. ನಾಳೆ ನಂಗೆ ಪುರುಸೊತ್ತಿಲ್ಲ.”

“ಲೋಕ ಮಾಡಿದ ದೇವರೇ ಒಂದಿನ ಸುಧಾರಿಸ್ಕೊಂಡ. ಅವನಿಗಿಂತ ಜಾಸ್ತಿ ಕೆಲಸಾನಾ ನಿಂಗೆ?”

ನನ್ನ ಸಾಮಾನಿನ ಚೀಲವನ್ನು ಅವರೇ ಗೋಡೆಯ ಶಿಲುಬೆಯ ಕೆಳಗಿಟ್ಟರು. “ದಣಿದವರ ಭಾರ ಇಳಿಸೋ ಸ್ವಾಮಿ ಅವನು. ಅಲ್ಲೇ ಇರ್ಲಿ.”

ಬಿಸಿ ಅನ್ನ ಸಾರು ಉಂಡು ಚಾಪೆಯ ಮೇಲೆ ಒರಗಿದೆ. ಅಪ್ಪ ಹೋದಮೇಲೆ ಅಂಥ ನಿದ್ದೆ ಬಂದಿರಲಿಲ್ಲ. ಎದ್ದರೆ ಸಂಜೆ, ಮೈಮೇಲೆ ಮಿಷನ್ನಿನ ಬಿಳಿ ಬಟ್ಟೆ!

ಸೋಮವಾರವೇ ಬಂದು ಸರಿಮಾಡಿಕೊಟ್ಟೆ. ಆದರೆ ಅಲ್ಲಿಂದಾಚೆ ಆ ಮಿಷನ್ ಕೆಟ್ಟಾಗಲೆಲ್ಲ ನನಗೆ ಪುರುಸೊತ್ತಾಗುತ್ತಿದ್ದದ್ದು ಭಾನುವಾರ ಮಾತ್ರ.